ಮಣ್ಣಿಗೆ ಹೊರಟ ಕಾರು

ಹಿರೇಕೆರೂರಿನಿಂದ ಫೋನು ಬಂದಾಗ ಕನಕಪ್ಪ ತನ್ನ ಕಾರಿನ ಕೆಳಗೆ ಅಂಗಾತ ಮಲಗಿದ್ದ. ಹೊರಗೆ ಕಾಣುತ್ತಿದ್ದದ್ದು ಎರಡು ಕಾಲು ಮಾತ್ರ. ಹೆಂಡತಿ ಜಯಾ ಓಡಿ ಬಂದು ಆ ಕಾಲುಗಳಿಗೇ ಸುದ್ದಿ ಹೇಳಿದಳು.

"ಏನ್ರೀ, ಫಕ್ಕೀರಪ್ಪ ಮಾವ ಹೋದ್ನಂತ್ರಿ!"

"ಎಲ್ಲಿಗೆ?" ಎಂದವು ಕಾಲುಗಳು.

"ಎಲ್ಲಿಗಂದ್ರ? ತೀರಿಕೊಂಡನ್ರೀ!"

ಕನಕಪ್ಪ ಗಾಬರಿಯಾಗಿ ಏಳಲು ಹೋದ. ಸೈಲೆನ್ಸರಿನ ಕೊಳವೆ ಹಣೆಗೆ ಬಡಿಯಿತು. ಹೊರಗೆ ಬಂದಾಗ ಹಣೆಯ ಮೇಲೆ ನಿಂಬೆಹಣ್ಣಿನಷ್ಟು ಬೋರೆ ಎದ್ದಿತ್ತು. ಸಾವಿನ ಸುದ್ದಿಗೆ ಅಳಬೇಕೋ, ನೋವಿಗೆ ಅಳಬೇಕೋ ತಿಳಿಯದೆ ಅವನು ಹಣೆ ಉಜ್ಜಿಕೊಂಡ.

ಕನಕಪ್ಪನದು ಶಿಗ್ಗಾಂವಿಯ ತಹಶೀಲ್ದಾರ ಕಚೇರಿಯ ಎದುರು ಒಂದು ಝೆರಾಕ್ಸ್ ಅಂಗಡಿ. ಹೋದ ಬೇಸಿಗೆಯಲ್ಲಿ ಹುಬ್ಬಳ್ಳಿಗೆ ಹೋಗಿ ಒಂದು ಹಳೆಯ ಬೂದು ಬಣ್ಣದ ಕಾರು ತಂದಿದ್ದ. ಎಂಜಿನ್ ಗಟ್ಟಿಯಾಗಿತ್ತು. ಆದರೆ ಓಡಲು ಶುರುವಾದರೆ ಎಲ್ಲಿಂದಲೋ ಕಟಕಟ, ಕಟಕಟ ಎಂಬ ಸದ್ದು. ವೇಗ ಹೆಚ್ಚಿದರೆ ಅದರ ಜೊತೆಗೆ ಗುಂಯ್ ಎಂಬ ಇನ್ನೊಂದು ಸದ್ದು. ನಿಲ್ಲಿಸಿ ಹುಡುಕಲು ಹೋದರೆ ಎರಡೂ ಮಾಯ. ಸಾಹೇಬರು ಬಂದ ಕೂಡಲೇ ಕೈಕಟ್ಟಿ ನಿಲ್ಲುವ ಜವಾನನಂತೆ ಕಾರು ಏನೂ ಅರಿಯದ ಮುಖ ಮಾಡಿಕೊಂಡು ನಿಂತುಬಿಡುತ್ತಿತ್ತು.

ಸತ್ತ ಫಕ್ಕೀರಪ್ಪ ಜಯಾಳ ಸೋದರಮಾವ, ಅಂದರೆ ಅವಳ ತಾಯಿ ಅಡಿವೆವ್ವನ ಒಡಹುಟ್ಟಿದ ಅಣ್ಣ. ಅಪ್ಪ ಸತ್ತ ಮೇಲೆ ತಂಗಿಯನ್ನು ಸಾಕಿ, ಮದುವೆ ಮಾಡಿ, ಬಾಣಂತನವನ್ನೂ ಮಾಡಿಸಿದವನು. ಮಗಳ ಮನೆಯಲ್ಲೇ ಇದ್ದ ಅಡಿವೆವ್ವ ಸುದ್ದಿ ಕೇಳಿ ಗೋಡೆಗೆ ಒರಗಿ ಕುಳಿತವಳು ಒಂದೇ ಮಾತು ಹೇಳುತ್ತಿದ್ದಳು: "ನಂಗ ಅಣ್ಣನ ಮುಖಾ ತೋರಸ್ರಿ. ಮತ್ತೇನೂ ಬ್ಯಾಡ."

ಫಕ್ಕೀರಪ್ಪನ ಮಗ ಮೈಲಾರಲಿಂಗ ಫೋನಿನಲ್ಲಿ ಕನಕಪ್ಪನಿಗೆ ಹೇಳಿದ, "ಮೂರರ ಸುಮಾರು ಎತ್ತತೇವ್ರಿ. ಅತ್ತಿ ಬಂದು ಮುಖಾ ನೋಡ್ಲಿ. ಲಗೂನ ಹೊಂಡ್ರಿ."

ಹೊರಡುವಾಗ ಪಕ್ಕದ ಮನೆಯ ದಾದಾಪೀರ ಒಂದು ಕೈಚೀಲ ಹಿಡಿದು ಬಂದು, ಯಾರೂ ಕರೆಯದೆ ಮುಂದಿನ ಸೀಟಿನಲ್ಲಿ ಕುಳಿತ. ಅವನು ನಿವೃತ್ತ ಬಸ್ ಕಂಡಕ್ಟರ್. "ಫಕ್ಕೀರಪ್ಪ ನಂಗೂ ಗೊತ್ತಿದ್ದಂವ. ನನ್ನ ಬಸ್ಸಿನ್ಯಾಗ ಎಷ್ಟ ಸಲ ಬಂದಾನ. ಮಣ್ಣಿಗೆ ಬರ್ತೇನಿ. ಹಾನಗಲ್ಲ ಮ್ಯಾಲೆ ಹೊಡಿ, ತಮ್ಮಾ. ಹೈವೇದಾಗ ನಿನ್ನ ಕಾರಿನ ಸದ್ದು ಸರಿ ಕೇಳೂದಿಲ್ಲ. ತೆಗ್ಗಿನ ರಸ್ತೆದಾಗ ಹೋದ್ರ ಹುಡುಕಾಕ ಬರತೈತಿ."

"ದಾದಾಪೀರಣ್ಣ, ನಾವು ಮಣ್ಣಿಗೆ ಹೊಂಟೇವಿ, ಸದ್ದು ಹುಡುಕಾಕಲ್ಲ" ಎಂದ ಕನಕಪ್ಪ.

"ಎರಡೂ ಒಮ್ಮೆ ಆಗ್ಲಿ. ರೈಟ್ ರೈಟ್!" ಎಂದು ದಾದಾಪೀರ ಬಾಗಿಲು ಬಡಿದ.

ಊರು ದಾಟಿದ ಕೂಡಲೇ ಕಾರು ತನ್ನ ಕೆಲಸ ಶುರು ಮಾಡಿತು. ಹಿಂದಿನ ಸೀಟಿನಲ್ಲಿ ಅಡಿವೆವ್ವ "ಅಣ್ಣಾ, ನನ್ನ ಹಡದಪ್ಪನಂಥಾ ಅಣ್ಣಾ" ಎಂದು ರಾಗ ತೆಗೆದಳು. ಕಟಕಟ, ಕಟಕಟ ಎಂದು ಕಾರು ತಾಳ ಹಾಕಿತು. ಅವಳು ರಾಗ ಏರಿಸಿದರೆ ಗುಂಯ್ ಎಂದು ಶ್ರುತಿಯೂ ಸೇರಿತು. ಎರಡು ಸಲ ಪ್ರಯತ್ನಪಟ್ಟು ಅಡಿವೆವ್ವ ಅಳುವುದನ್ನೇ ನಿಲ್ಲಿಸಿದಳು.

"ಏನ್ರಿ ಅಳಿಯಂದ್ರ, ಸತ್ತ ಮನೀಗೆ ಭಜನಿ ಮಾಡ್ಕೊಂತ ಹೊಂಟೇವೇನು? ಬಾಯಿಬಿಟ್ಟು ಅಳಾಕೂ ಬಿಡವಲ್ದಲ್ಲ ನಿಮ್ಮ ಕಾರು!"

ಕನಕಪ್ಪನಿಗೆ ಅವಮಾನವಾಯಿತು. ದಾದಾಪೀರ ಮಾತ್ರ ಕಣ್ಣು ಮುಚ್ಚಿ, ನಾಡಿ ನೋಡುವ ವೈದ್ಯನಂತೆ ಕುಳಿತಿದ್ದ. "ಹೋಲ್ಡಾನ್! ಡಿಕ್ಕ್ಯಾಗ ಜಾಕು ಕುಣ್ಯಾಕತ್ತೈತಿ" ಎಂದ.

ಕಾರು ನಿಂತಿತು. ದಾದಾಪೀರ ಡಿಕ್ಕಿ ತೆಗೆದು, ಜಾಕು, ಪಾನಾಗಳನ್ನೆಲ್ಲ ಕೈಗೆ ಸಿಕ್ಕ ಒಂದು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ಮೂಲೆಗೆ ತುರುಕಿದ. ಮತ್ತೆ ಹೊರಟು ಸ್ವಲ್ಪ ದೂರ ಹೋದ ಮೇಲೆ ಜಯಾ ಕೇಳಿದಳು, "ಮಾವನ ಮ್ಯಾಲೆ ಹೊದಸಾಕ ತಂದ ಹೊಸಾ ಧೋತರ ಡಿಕ್ಕ್ಯಾಗ ಇಟ್ಟಿದ್ದೆ. ಐತಿಲ್ಲೋ?"

ದಾದಾಪೀರ ಕಿಟಕಿಯಾಚೆ ನೋಡಿದ. "ಐತೆವ್ವ. ಭದ್ರ ಐತಿ" ಎಂದ.

ಸದ್ದೂ ಭದ್ರವಾಗಿಯೇ ಇತ್ತು.

ಬಂಕಾಪುರದಲ್ಲಿ ಚಹಾದಂಗಡಿಯ ಮುಂದೆ ಕಾರು ನಿಂತದ್ದು ಅಡಿವೆವ್ವನಿಗೆ ನೀರು ಕೊಡಿಸಲು. ದಾದಾಪೀರ ಕೆಳಗಿಳಿದು "ಈ ಕಾರಿನ್ಯಾಗ ಒಂದು ಸದ್ದೈತಿ" ಎಂದದ್ದೇ ತಡ, ಬೆಲ್ಲಕ್ಕೆ ಇರುವೆ ಮುತ್ತಿದಂತೆ ಜನ ಮುತ್ತಿದರು. ಸೈಲೆನ್ಸರ್ ಸಡಿಲಾಗಿದೆ ಎಂದ ಒಬ್ಬ. ಬಾಗಿಲೊಳಗಿನ ಗಾಜು ಎಂದ ಇನ್ನೊಬ್ಬ. ಬೀಡಿ ಸೇದುತ್ತಿದ್ದ ಮುದುಕನೊಬ್ಬ ಬಗ್ಗಿಯೂ ನೋಡದೆ, "ಗಾಲಿ ಕಳಚೂ ಮುಂದ ಹಿಂಗ ಸಪ್ಪಳ ಮಾಡತೈತಿ. ನಮ್ಮ ಬೀಗರದು ಹಿಂಗ ಆಗಿತ್ತು. ನಾಕೂ ಮಂದಿ ಹೋದ್ರು" ಎಂದ.

ಆ ಮಾತಿಗೆ ಜಯಾ ಹೆದರಿ ಕೆಳಗಿಳಿದಳು. "ಏನೈತಿ ನೋಡಿಸಿಬಿಡ್ರಿ. ಒಬ್ಬರ ಮಣ್ಣಿಗೆ ಹೋಗಿ ನಮ್ಮ ಮಣ್ಣ ಆಗೂದು ಬ್ಯಾಡ."

ಗಾಲಿಗಳ ನಟ್ಟುಗಳನ್ನೆಲ್ಲ ಬಿಗಿದದ್ದಾಯಿತು. ಆಮೇಲೆ ಬಾಗಿಲಿನ ಸರದಿ. ಒಳಗಿನ ಹೊದಿಕೆಯನ್ನು ಮೂವರು ಹಿಡಿದು ಜಗ್ಗಿದರು. ಅದನ್ನು ಹಿಡಿದಿದ್ದ ಪ್ಲಾಸ್ಟಿಕ್ ಕ್ಲಿಪ್ಪುಗಳು ಪಟಪಟನೆ ಮುರಿದು ಕಡಲೆ ಸಿಡಿದಂತೆ ಸಿಡಿದವು. ಬಾಗಿಲ ಹೊಟ್ಟೆಯಲ್ಲಿ ಒಂದು ಗಾಜಿನ ಬಳೆಯ ಚೂರು, ಒಂದು ಬಾಚಣಿಗೆ, ತುಕ್ಕು ಹಿಡಿದ ಒಂದು ಸ್ಕ್ರೂ ಸಿಕ್ಕವು. "ಸಿಕ್ತು, ಸಿಕ್ತು!" ಎಂದು ಎಲ್ಲರೂ ಕೂಗಿದರು. ಆದರೆ ಹೊದಿಕೆ ಮತ್ತೆ ಕೂರಲೇ ಇಲ್ಲ. ಅದನ್ನು ಅಡಿವೆವ್ವನ ತೊಡೆಯ ಮೇಲಿಟ್ಟರು. ಅವಳು ಅದನ್ನು ರೊಟ್ಟಿಯ ಹರಿವಾಣದಂತೆ ಹಿಡಿದುಕೊಂಡು ಕುಳಿತಳು.

ಬಂಕಾಪುರ ಬಿಟ್ಟು ಒಂದು ಸೇತುವೆ ದಾಟುವಷ್ಟರಲ್ಲಿ ಕಟಕಟ, ಕಟಕಟ.

ದಾದಾಪೀರ ಕನಕಪ್ಪನ ಫೋನು ಇಸಿದುಕೊಂಡು, ಅದರ ಬ್ಯಾಟರಿ ದೀಪ ಹಚ್ಚಿ, ತಲೆಯನ್ನು ಡ್ಯಾಶ್‌ಬೋರ್ಡಿನ ಕೆಳಗೆ ತೂರಿಸಿದ. ಹಾನಗಲ್ಲು ಹತ್ತಿರವಾಗುವವರೆಗೂ ಅವನ ತಲೆ ಅಲ್ಲೇ ಇತ್ತು. ತಲೆ ಹೊರಬಂದಾಗ ಫೋನು ಸತ್ತಿತ್ತು. ಜಯಾಳ ಫೋನು ಅವಸರದಲ್ಲಿ ಮನೆಯ ಚಾರ್ಜರಿಗೇ ಉಳಿದಿತ್ತು. ದಾದಾಪೀರನ ಫೋನಿನಲ್ಲಿ ಮೈಲಾರಲಿಂಗನ ನಂಬರ್ ಇರಲಿಲ್ಲ. ಯಾರಿಗೂ ಬಾಯಿಪಾಠವೂ ಇರಲಿಲ್ಲ.

"ಹೋಗ್ಲಿ ಬಿಡು. ಫೋನ್ ಮಾಡಿದ್ರ ಸತ್ತಂವ ಏಳ್ತಾನೇನು?" ಎಂದ ದಾದಾಪೀರ. "ಸದ್ದು ಹಿಂದಿಂದ ಬರಾಕತ್ತೈತಿ. ನಾನು ಡಿಕ್ಕ್ಯಾಗ ಮಕ್ಕೊಂತೇನಿ. ನೀ ಸಾವಕಾಶ ಹೊಡಿ."

"ಬ್ಯಾಡ, ದಾದಾಪೀರಣ್ಣ."

"ನಟ್ಟ ಬಿಗದ್ರೂ ನಿಂತಿಲ್ಲ. ಆ ಮುದುಕ ಹೇಳಿದ್ದು ಖರೇ ಇದ್ರ? ಹೆಂಗಸರನ್ನ ಕಟಗೊಂಡು ಹೊಂಟೀ."

ಕನಕಪ್ಪ ಸೋತ. ದಾದಾಪೀರ ಡಿಕ್ಕಿಯಲ್ಲಿ ಮುದುಡಿ ಮಲಗಿದ. ಅವನು ಎತ್ತರದ ಆಳು. ಮೊಣಕಾಲಿನಿಂದ ಕೆಳಗಿನ ಭಾಗ ಹೊರಗೇ ಉಳಿಯಿತು. ಡಿಕ್ಕಿಯ ಬಾಗಿಲನ್ನು ಅವನ ಕಾಲ ಮೇಲೆ ಇಳಿಬಿಟ್ಟು ಹಗ್ಗ ಕಟ್ಟಿದರು. ಕಾರು ಹಾನಗಲ್ಲಿನೊಳಗೆ ನಡೆಯಿತು. ಅಡಿವೆವ್ವನಿಗೆ ಅದೇ ಹೊತ್ತಿಗೆ ದುಃಖ ಒತ್ತರಿಸಿ ಬಂತು, ಜಯಾಳೂ ಜೊತೆಗೂಡಿದಳು. ಮುಂದೆ ಬೋರೆ ಎದ್ದ ಹಣೆಯ ಡ್ರೈವರು, ಹಿಂದೆ ಅಳುವ ಇಬ್ಬರು ಹೆಂಗಸರು, ಡಿಕ್ಕಿಯಿಂದ ಜೋತಾಡುವ ಎರಡು ಕಾಲು. ಸರ್ಕಲ್ಲಿನಲ್ಲಿ ನಿಂತಿದ್ದ ಪೊಲೀಸನು ಸೀಟಿ ಊದದೆ ಇನ್ನೇನು ಮಾಡಬೇಕು?

"ಎಲ್ಲಿಗೆ ಹೊಂಟೀರಿ?"

"ಮಣ್ಣಿಗೆ ಹೊಂಟೇವ್ರಿ, ಸರ" ಎಂದ ಕನಕಪ್ಪ.

"ಹೆಣಾನ ಹಿಂಗ ಡಿಕ್ಕ್ಯಾಗ ಹಾಕ್ಕೊಂಡು ಒಯ್ತಾರೇನ್ರಿ? ಮನಷ್ಯಾರೇನು ನೀವು?"

"ಹೆಣ ಅಲ್ರೀ ಸರ, ನಮ್ಮ ಬಾಜೂ ಮನಿಯವ್ರು. ಹೆಣ ಹಿರೇಕೆರೂರಾಗೈತ್ರಿ."

"ಹಂಗಂದ್ರ ಎರಡು ಹೆಣ ಏನು?"

ಅಷ್ಟರಲ್ಲಿ ಡಿಕ್ಕಿಯೊಳಗಿನಿಂದ "ಹೋಲ್ಡಾನ್! ಸಿಕ್ತು!" ಎಂಬ ದನಿ ಬಂತು, ಕಾಲುಗಳು ಒದ್ದಾಡಿದವು. ಹತ್ತಿರ ನಿಂತಿದ್ದ ಬಾಳೆಹಣ್ಣಿನವಳು ಬುಟ್ಟಿ ಬಿಟ್ಟು ಓಡಿದಳು. ಪೊಲೀಸನೂ ಎರಡು ಹೆಜ್ಜೆ ಹಿಂದೆ ಸರಿದ. ಅಲ್ಲಿಂದ ಮುಂದೆ ಯಾರು ಏನು ಹೇಳಿದರೂ ಅವನು ನಂಬಲಿಲ್ಲ. ಸಾಹೇಬರು ಬರುವತನಕ ಕಾರನ್ನು ಬದಿಗೆ ನಿಲ್ಲಿಸಿಕೊಂಡ. ಬಂದ ಸಾಹೇಬರು ಎಲ್ಲವನ್ನೂ ಕೇಳಿ, ತಲೆ ಚಚ್ಚಿಕೊಂಡು, "ಮೊದಲು ಇಲ್ಲಿಂದ ಹೋಗ್ರಿ" ಎಂದರು. ಆಗ ಮೋಡ ಕಪ್ಪಿಟ್ಟು ನಾಲ್ಕು ಹನಿ ಬೀಳತೊಡಗಿತ್ತು.

ಆದರೆ ಸದ್ದು ನಿಜವಾಗಿಯೂ ಸಿಕ್ಕಿತ್ತು. ಹಿಂದಿನ ಸೀಟಿನ ಬೆನ್ನಿಗೆ ಇದ್ದ ಕಬ್ಬಿಣದ ಪಟ್ಟಿಯೊಂದರ ನಟ್ಟು ಬಿದ್ದುಹೋಗಿ, ಅದು ಕಾರಿನ ಮೈಗೆ ಬಡಿಯುತ್ತಿತ್ತು. ವೇಗದಲ್ಲಿ ಗುಂಯ್‌ಗುಡುತ್ತಿದ್ದದ್ದೂ ಅದೇ. ಸಂದಿಗೆ ತುರುಕಲು ಬಟ್ಟೆ ಬೇಕು ಎಂದ ದಾದಾಪೀರ. ಅಡಿವೆವ್ವ ತನ್ನ ಸೀರೆಯ ಸೆರಗಿನ ಅಂಚನ್ನು ಹಲ್ಲಿನಿಂದ ಕಚ್ಚಿ, ಪರ್ರನೆ ಹರಿದು ಕೊಟ್ಟಳು.

"ತಗೋರಿ, ಇದನ್ನ ತುರುಕ್ರಿ. ಒಟ್ಟ ನನ್ನ ಅಣ್ಣನ ಹತ್ರ ಮುಟ್ಟಸ್ರಿ."

ಸದ್ದು ನಿಂತಿತು.

ಅಕ್ಕಿಆಲೂರು ದಾಟಿತು, ತಿಳವಳ್ಳಿ ದಾಟಿತು. ಕಾರು ಎಣ್ಣೆ ಹಚ್ಚಿದಂತೆ ಜಾರುತ್ತಿತ್ತು. ಮಳೆ ಗಾಜಿನ ಮೇಲೆ ಬೀಳುವ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಕನಕಪ್ಪನಿಗೆ ಇಷ್ಟು ತಿಂಗಳಲ್ಲಿ ಮೊದಲ ಸಲ ಕಾರು ತನ್ನದು ಅನಿಸಿತು. ಸಾವಿನ ದಿನ ಖುಷಿಪಡಬಾರದೆಂದು ಮುಖ ಗಂಟು ಹಾಕಿಕೊಂಡೇ ಖುಷಿಪಟ್ಟ. ಹಿಂದೆ ಅಡಿವೆವ್ವ ಈಗ ರಾಗವಿಲ್ಲದೆ, ಮೆಲ್ಲಗೆ ಮಾತಾಡುತ್ತಿದ್ದಳು.

"ಸಾಲಿಗೆ ಹೋಗುವಾಗ ಹಳ್ಳ ಬಂದಿರ್ತಿತ್ತು. ಹೆಗಲ ಮ್ಯಾಲೆ ಕುಂದರಿಸ್ಕೊಂಡು ದಾಟಸ್ತಿದ್ದ. ನಡು ಹಳ್ಳದಾಗ ನಿಂತು 'ಒಗೀಲೇನು, ಒಗೀಲೇನು' ಅಂತಿದ್ದ. ನಾ ಅವನ ಕೂದಲಾ ಜಗ್ಗತಿದ್ದೆ. ಒಮ್ಮೆನೂ ಒಗೀಲಿಲ್ಲ." 

ಜಯಾ ತಾಯಿಯ ಕೈ ಹಿಡಿದುಕೊಂಡಳು. ದಾದಾಪೀರ ಕೂಡ ರೈಟ್ ರೈಟ್ ಎನ್ನಲಿಲ್ಲ.

ಹಿರೇಕೆರೂರು ಮುಟ್ಟಿದಾಗ ಎರಡೂಕಾಲು. ಮೂರಕ್ಕೆ ಇನ್ನೂ ಹೊತ್ತಿದೆ ಎಂದು ಎಲ್ಲರೂ ಉಸಿರುಬಿಟ್ಟರು. ಅಷ್ಟರಲ್ಲಿ ಎದುರಿಗೆ ರಸ್ತೆ ತುಂಬ ಜನ ಬಂದರು. ಮುಂದೆ ಹಲಗೆ ಬಾರಿಸುವವರು, ಹಿಂದೆ ಒಂದು ಟ್ರ್ಯಾಕ್ಟರು. ಎಲ್ಲರ ತಲೆಯ ಮೇಲೆ ಕೊಡೆ, ಗೊಬ್ಬರದ ಚೀಲದ ಕೊಪ್ಪೆ. ಟ್ರೇಲರಿನಲ್ಲಿ ಹೂವಿನ ಮಂಟಪ. ಅದರ ಮೇಲೆ ಮಳೆಗೆಂದು ಹೊದಿಸಿದ ನೀಲಿ ತಾಡಪಾಲು.

"ಯಾರ್ದೋ ಮೆರವಣಿಗಿ ಬಂತಲ್ಲ" ಎಂದ ಕನಕಪ್ಪ. "ನಿಂತ್ರ ಅರ್ಧ ತಾಸು ಹೋಗತೈತಿ."

"ಎಡಕ್ಕ ಓಣಿ ಐತಿ, ಹೊಳ್ಳಸು. ಹಿಂದಿನಿಂದ ಹೋಗಿ ಅವರ ಮನೀ ಮುಂದ ಹೊಂಡತೇವಿ" ಎಂದ ದಾದಾಪೀರ. ಕಂಡಕ್ಟರನಾಗಿದ್ದವನಿಗೆ ಊರ ಓಣಿಗಳೆಲ್ಲ ಗೊತ್ತಿದ್ದವು.

ಕಾರು ಓಣಿಗೆ ಹೊರಳುವಾಗ ಅಡಿವೆವ್ವ ಮಂಜು ಕವಿದ ಗಾಜಿನೊಳಗಿನಿಂದಲೇ ಮೆರವಣಿಗೆಯತ್ತ ಕೈ ಮುಗಿದಳು. "ಯಾವ ಪುಣ್ಯಾತ್ಮನೋ. ಇಂಥಾ ಮಳ್ಯಾಗೂ ಎಷ್ಟ ಮಂದಿ ಕೂಡ್ಯಾರ. ನಮ್ಮ ಅಣ್ಣಗೂ ಇಷ್ಟ ಮಂದಿ ಬರ್ಲೆಪಾ."

ಫಕ್ಕೀರಪ್ಪನ ಮನೆಯ ಮುಂದೆ ಕಾರು ಸದ್ದಿಲ್ಲದೆ ನಿಂತಿತು. ಚಪ್ಪರವಿರಲಿಲ್ಲ, ಜನವಿರಲಿಲ್ಲ. ಒಬ್ಬ ಹೆಣ್ಣುಮಗಳು ಅಂಗಳಕ್ಕೆ ನೀರು ಹಾಕಿ ತೊಳೆಯುತ್ತಿದ್ದಳು. ನೆರೆಮನೆಯ ದುರಗವ್ವ. ಅಡಿವೆವ್ವನನ್ನು ನೋಡಿ ಅವಳ ಕೈಯಲ್ಲಿದ್ದ ಕೊಡ ಜಾರಿತು.

"ಅಯ್ಯ, ನಿಮಗ ದಾರ್‍ಯಾಗ ಸಿಗಲಿಲ್ಲೇನು? ಈಗರ ಎತ್ತಿಕೊಂಡು ಹ್ವಾದ್ರಲ್ಲವ್ವ!"

ಅವರು ಬಂದ ಓಣಿಯಲ್ಲೇ ಕಾರು ತಿರುಗಿಸಿಕೊಂಡು ಓಡಿದರು. ಆದರೆ ಅಷ್ಟು ಹೊತ್ತಿನಲ್ಲಿ ಬಸ್ಸೊಂದು ರಸ್ತೆಗೆ ಅಡ್ಡ ನಿಂತಿತ್ತು. ಅದರ ಹಿಂದೆ ಸಾಲಾಗಿ ಎತ್ತಿನ ಬಂಡಿಗಳು. ಹೂಳುವ ಹೊಲ ಮುಟ್ಟಿದಾಗ ಕುಣಿಗೆ ಮಣ್ಣು ಮುಚ್ಚಿ ಆಗಿತ್ತು. ಮೈಲಾರಲಿಂಗ ಸಲಿಕೆ ಊರಿ ನಿಂತಿದ್ದ. ಅವನ ಮೈಯೆಲ್ಲ ಕೆಸರು.

"ಅತ್ತೀ, ಈಗ ಬಂದ್ರ್ಯಾ?" ಎಂದು ಅವನು ಅತ್ತುಬಿಟ್ಟ. "ಕುಣ್ಯಾಗ ನೀರ ನಿಲ್ಲಾಕತ್ತಿತ್ತು. ಹಿರೇರು ಕಾಯಾಕ ಬ್ಯಾಡ ಅಂದ್ರು. ಎಷ್ಟ ಸಲ ಫೋನ್ ಹಚ್ಚಿದ್ವಿ, ಹತ್ತಲಿಲ್ಲ."

ಕನಕಪ್ಪ ತಲೆ ತಗ್ಗಿಸಿದ.

"ಆದರೂ ರಸ್ತೆ ತುಂಬ ನೋಡ್ಕೊಂತನ ಬಂದ್ವಿ" ಎಂದು ಮೈಲಾರಲಿಂಗ ಕಣ್ಣೊರೆಸಿಕೊಂಡ. "ಅಲ್ಲೆ ಒಂದು ಬೂದು ಕಾರ ಓಣ್ಯಾಗ ಹೊಳ್ಳಿತು. ಅತ್ತಿ ಬಂದ್ಲು, ಟ್ರ್ಯಾಕ್ಟರ್ ನಿಲ್ಲಸ್ರಿ ಅಂತ ಒದರಿದೆ. ನಿಲ್ಲಿಸಿದ್ರು. ಮುಖದ ಮ್ಯಾಲಿನ ತಾಡಪಾಲೂ ತೆಗದ್ರು. ನಮ್ಮವ್ವ ಅಂದ್ಲು, ಕನಕಪ್ಪನ ಕಾರ ಆಗಿದ್ರ ಹ್ವಾದ ಸಲ ಬಂದಾಗಿನಂಗ ಊರೆಲ್ಲಾ ಕೇಳಸ್ತಿತ್ತಲ್ಲೋ ಅಂತ. ಹಲಿಗೀನೂ ನಿಲ್ಲಿಸಿ ಕಿವಿಗೊಟ್ಟ ಕೇಳಿದ್ವಿ. ಒಂದೀಟೂ ಸದ್ದ ಬರಲಿಲ್ಲ. ಯಾರದೋ ಬ್ಯಾರೆ ಕಾರು ಅಂತ ಮುಂದ ಹೊಂಟ್ವಿ."

ಮಳೆ ಸುರಿಯುತ್ತಲೇ ಇತ್ತು. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

"ಹಂಗಾರ ನಾ ಕೈ ಮುಗದದ್ದು..." ಎಂದಳು ಅಡಿವೆವ್ವ. ಬಗ್ಗಿ ಮೂರು ಹಿಡಿ ಕೆಸರು ಮಣ್ಣು ಎತ್ತಿ ಹಾಕಿದಳು. ಸೆರಗಿನಿಂದ ಕೈ ಒರೆಸಿಕೊಳ್ಳಲು ಹೋದಳು. ಅಂಚು ಹರಿದ ಕಡೆ ಕೈ ನಿಂತಿತು.

ಸಂಜೆ ಹೊರಡುವಾಗ ಕನಕಪ್ಪ ಕಾರಿನ ಬಾಗಿಲು ತೆಗೆದು ಹಿಡಿದ. ಅಡಿವೆವ್ವ ಹತ್ತಲಿಲ್ಲ.

"ನಾ ಬಸ್ಸಿಗೆ ಬರ್ತೇನ್ರಿ, ಅಳಿಯಂದ್ರ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಕನಕಪ್ಪನಿಗೆ ಚೆನ್ನಾಗಿರುತ್ತಿತ್ತು. ಒಬ್ಬಳನ್ನೇ ಹೇಗೆ ಬಿಡುವುದು ಎಂದು ಜಯಾ ತಾಯಿಯ ಹಿಂದೆ ಹೊರಟಳು. ದಾದಾಪೀರ ಕಾರನ್ನೊಮ್ಮೆ, ಹೆಂಗಸರನ್ನೊಮ್ಮೆ ನೋಡಿ, "ನಂದು ಬಸ್ ಪಾಸ್ ಐತಿ, ತಮ್ಮಾ" ಎಂದು ಕೈಚೀಲ ಎತ್ತಿಕೊಂಡ.

ಕನಕಪ್ಪ ಒಬ್ಬನೇ ಶಿಗ್ಗಾಂವಿಯ ದಾರಿ ಹಿಡಿದ. ದಾರಿಯುದ್ದಕ್ಕೂ ತೆಗ್ಗುಗಳನ್ನು ಹುಡುಕಿ ಹುಡುಕಿ ಕಾರನ್ನು ಅವುಗಳಲ್ಲೇ ಇಳಿಸಿದ. ಕಾರು ಒಂದು ಮಾತೂ ಆಡಲಿಲ್ಲ.