ಮಾವನ ಸಮುದ್ರದೂರು

ಹಿತ್ತಲಲ್ಲಿ ಬೆಂಕಿ ಹಾಕಿದ್ದು ಮೊದಲೋ, ದೇವಸ್ಥಾನದ ಕ್ಯಾಂಟೀನಿನ ಪ್ರಸಂಗ ಮೊದಲೋ, ಈಗ ಹೇಳಲಾರೆ. ಎರಡಕ್ಕೂ ನಾನು ಸಾಕ್ಷಿ ಎಂದುಕೊಂಡಿದ್ದೇನೆ. ಅದನ್ನೂ ಪೂರ್ತಿ ನಂಬಬೇಡಿ. ಒಂದು ಮಾತ್ರ ಖಂಡಿತ: ನನ್ನ ಸೋದರಮಾವ ಹುಟ್ಟಿ ಬೆಳೆದದ್ದು ಮಂಡ್ಯದ ಹತ್ತಿರ, ಆದರೆ ಅವರ ಊರು ಅದಲ್ಲ!

ಅವರ ಊರು ಜರ್ಮನಿಯ ಉತ್ತರ ತುದಿಯಲ್ಲಿ, ಉತ್ತರ ಫ್ರೀಸಿಯಾ ಎಂಬ ಸೀಮೆಯ ಕಡಲಂಚಿನ ಒಂದು ಪುಟ್ಟ ಹಳ್ಳಿ. ಮಾವ ಅದನ್ನು ಕಣ್ಣಿಂದ ಕಂಡವರೇ ಅಲ್ಲ. ತೊಂಬತ್ತರ ದಶಕದಲ್ಲಿ ಅಮೆರಿಕದ ಹೋಬೋಕನ್‌ನಲ್ಲಿ ಅವರು ಬಾಡಿಗೆಗಿದ್ದ ಮನೆಯ ಒಡತಿ ಆ ಹಳ್ಳಿಯವರು. ಅಲ್ಲೇ ಹತ್ತಿರದ ಊರಲ್ಲಿದ್ದ ನಾವೆಲ್ಲ ಆಕೆಯನ್ನು ಅಜ್ಜಿ ಅನ್ನುತ್ತಿದ್ದೆವು. ಗಂಡ ತೀರಿಕೊಂಡಿದ್ದರು, ಮರೆವು ಶುರುವಾಗಿತ್ತು. ತಾನೂ ಮರೆತರೆ ಊರು ಎಲ್ಲಿ ಉಳಿಯುತ್ತದೆ ಎಂಬ ಹೆದರಿಕೆ. ಎಂಜಿನಿಯರ್ ಆಗಿದ್ದ ಬ್ರಹ್ಮಚಾರಿ ಮಾವ ದಿನಾ ಮ್ಯಾನ್‌ಹಟನ್‌ನ ಆಫೀಸಿನಿಂದ ರೈಲು ಹಿಡಿದು ಬಂದು ಅಜ್ಜಿಯ ಅಡಿಗೆಮನೆಯಲ್ಲಿ ಕೂರುತ್ತಿದ್ದರು. ಅಜ್ಜಿ ಊರಿನ ಕಥೆ ಹೇಳಿದರು, ಮಾವ ಕೇಳಿಸಿಕೊಂಡರು. ಅಷ್ಟಕ್ಕೇ ನಿಂತಿದ್ದರೆ ನಾನು ಇದನ್ನು ಬರೆಯಬೇಕಿತ್ತೆ?

ಅಲ್ಲಿನ ಬ್ರಿಡ್ಜ್‌ವಾಟರ್ ದೇವಸ್ಥಾನದ ಕ್ಯಾಂಟೀನಿನಲ್ಲಿ ಪುಳಿಯೋಗರೆ ತಿನ್ನುವಾಗ ಹೊಸಬರೊಬ್ಬರು ಮಾವನನ್ನು ವಿಚಾರಿಸಿದರು.

"ಯಾವೂರು ಸಾರ್ ತಮ್ಮದು?"

"ಸಮುದ್ರದ ಪಕ್ಕ."

"ಓ, ಉಡುಪಿನಾ?"

"ಇನ್ನೂ ಮೇಲಕ್ಕೆ."

"ಕಾರವಾರ?"

"ಇನ್ನೂ ಮೇಲಕ್ಕೆ."

"ಗೋವಾನೇ ಬಂತಲ್ಲ ಸಾರ್!"

"ಬರಲಿ, ಹಾಗೇ ಹೋಗ್ತಾ ಇರಿ."

ಆತ ಹಾಗೇ ಹೋದರು, ಕಾಫಿ ಕೌಂಟರಿನ ಕಡೆಗೆ!

ನಮ್ಮಮ್ಮನ ಕಾಟಕ್ಕೆ ಮಾವ ಒಮ್ಮೆ ಮನೆ ಕೊಳ್ಳಲು ಹೊರಟರು. ಏಜೆಂಟ್ ಹೆಮ್ಮೆಯಿಂದ ಬೇಸ್‌ಮೆಂಟ್ ತೋರಿಸಿದ. "ನೆಲದ ಕೆಳಗೆ ರೂಮಾ? ನಮ್ಮೂರಲ್ಲಿ ಮಣ್ಣಿನ ದಿಬ್ಬ ಹಾಕಿ ಅದರ ಮೇಲೆ ಮನೆ ಕಟ್ತೀವಿ. ಬಿರುಗಾಳಿಗೆ ಸಮುದ್ರ ಉಕ್ಕಿದರೆ ಮೊದಲು ಕುರಿಗಳನ್ನ ಮೇಲೆ ಹತ್ತಿಸ್ತೀವಿ," ಎಂದರು ಮಾವ. ಏಜೆಂಟ್ ಗಂಭೀರವಾಗಿ ಹೇಳಿದ: "ಸಾರ್, ಕುರಿಗೆ ಈ ಟೌನ್‌ನಲ್ಲಿ ಪರ್ಮಿಷನ್ ಸಿಗೋದು ಕಷ್ಟ." ಮನೆ ಕೊಳ್ಳುವ ಮಾತು ಅಲ್ಲಿಗೇ ಬಿಟ್ಟುಹೋಯಿತು.

ಆಮೇಲೆ ಆ ಬೆಂಕಿ. ಫೆಬ್ರವರಿಯ ಒಂದು ಸಂಜೆ ಆ ಹಳ್ಳಿಯವರು ಕಡಲ ದಂಡೆಯಲ್ಲಿ ದೊಡ್ಡ ಬೆಂಕಿ ಹಾಕುತ್ತಾರಂತೆ. ಹಿಂದೆ ತಿಮಿಂಗಿಲ ಬೇಟೆಗೆ ಹಡಗು ಹತ್ತುವ ಗಂಡಸರನ್ನು ಬೀಳ್ಕೊಡಲು, ಎಂದು ಅಜ್ಜಿ ಹೇಳಿದ್ದರು. ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದ ಮಾವ, ಜನ ಬೀದಿಗೆಸೆದ ಕ್ರಿಸ್ಮಸ್ ಮರಗಳನ್ನು ಎಳೆದು ತಂದು ಅಜ್ಜಿಯ ಹಿತ್ತಲಲ್ಲಿ ಹೊತ್ತಿಸಿಯೇ ಬಿಟ್ಟರು! ಫೈರ್ ಎಂಜಿನ್ ಬಂತು, ಅದರಿಂದ ಒಬ್ಬ ಇಳಿದ.

"ಏನಿದು?"

"ತಿಮಿಂಗಿಲ ಬೇಟೆಯವರನ್ನ ಕಳಿಸಿಕೊಡ್ತಾ ಇದ್ದೀವಿ."

ಆತ ಸುತ್ತ ನೋಡಿದ. ಶಾಲು ಹೊದ್ದ ಅಜ್ಜಿ, ಮಂಕಿಕ್ಯಾಪ್ ಮಾವ, ನಾನು. "ನಿಮ್ಮಲ್ಲಿ ಹೊರಟವರು ಯಾರು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ನೀರು ಹೊಡೆದ.

ಹೊಗೆ ಕರಗಿದ ಮೇಲೆ ಅಜ್ಜಿ ಮಾವನನ್ನು ಕೇಳಿದರು, "ಎಂಜಿನಿಯರ್, ಈ ಬೆಂಕಿ ಯಾಕೆ ಹಾಕಿದಿರಿ?"

ತಮಾಷೆ ಎಂದುಕೊಂಡು ನಾನು ನಕ್ಕೆ. ಮಾವ ನಗಲಿಲ್ಲ.

ಅಲ್ಲಿಂದಾಚೆಗೆ ಮಾವ ಹೇಳುವವರಾದರು, ಅಜ್ಜಿ ಕೇಳುವವರು. ಸಮುದ್ರ ತಡೆಯುವ ಕಟ್ಟೆಯ ಮೇಲೆ ಮೇಯುವ ಕುರಿ, ಸಮುದ್ರ ನುಂಗಿದ ಚರ್ಚು, ನೀರು ಇಳಿದಾಗ ಕೆಸರಿನಲ್ಲಿ ಬರಿಗಾಲ ನಡಿಗೆ. ಒಂದು ದಿನ ನಾನೂ ಅಲ್ಲಿದ್ದೆ. "ನನ್ನಮ್ಮ?" ಎಂದರು ಅಜ್ಜಿ. ಆಕೆ ತಾಯಿಯ ಬಗ್ಗೆ ಎಂದೂ ಏನೂ ಹೇಳಿರಲಿಲ್ಲವೇನೋ, ಮಾವ ತಡವರಿಸಿದರು. ಆಮೇಲೆ ಹೇಳಿದರು: "ನೀವು ಓಡಿಬಂದು ಕೈಯೊಡ್ಡಿದರೆ ನಿಮ್ಮಮ್ಮ ಬಿಸಿ ಬೆಲ್ಲ ಹಾಕ್ತಿದ್ದರು. ಊದಿ ಊದಿ ಕೊಡ್ತಿದ್ದರು."

ಹೊರಗೆ ಬಂದು ನಾನು ಮಾವನನ್ನು ಹಿಡಿದೆ. "ಮಾವ, ಆಲೆಮನೆ ಬೆಲ್ಲ ಕೊಡ್ತಿದ್ದದ್ದು ನಿಮ್ಮಮ್ಮ ಅಲ್ವಾ? ಜರ್ಮನಿಯಲ್ಲಿ ಕಬ್ಬೆಲ್ಲಿದೆ?"

"ಸುಮ್ನಿರೇ. ಕೇಳಿದಾಗ ಖಾಲಿ ಬಿಡಕ್ಕಾಗುತ್ತಾ?"

ಆದರೆ ಒಳಗೆ ಅಜ್ಜಿ ಅಂಗೈ ನೋಡಿಕೊಳ್ಳುತ್ತ, "ಹೌದು, ಸ್ವಲ್ಪ ಸುಡುತ್ತಿತ್ತು," ಅಂದಿದ್ದರು.

ಈಗ ಇಬ್ಬರೂ ಇಲ್ಲ. ಅಜ್ಜಿಗೆ ನೆನಪಾದದ್ದು ಯಾರ ತಾಯಿಯ ಕೈ, ನನಗೆ ಗೊತ್ತಿಲ್ಲ.