ಕ್ಲಚ್ಚಿಲ್ಲದ ಕಾರಿನಲ್ಲಿ ಕಲ್ಯ ಯಾತ್ರೆ

ನಾಗಲಕ್ಷ್ಮಮ್ಮನ ನಿದ್ದೆ ಹಾಳಾದದ್ದು ಮನೆಗೆ ಹೊಸ ಕಾರು ಬಂದ ದಿನದಿಂದ. ಚನ್ನಪಟ್ಟಣದ ಆ ಬೀದಿಯಲ್ಲಿ ಬೇರೆ ಯಾವ ಹೆಂಗಸಾಗಿದ್ದರೂ ಬಾಗಿಲಿಗೆ ಬಂದ ಕಾರಿಗೆ ಆರತಿ ಎತ್ತಿ, ಎದುರು ಮನೆಯವರು ನೋಡುತ್ತಿದ್ದಾರೆಂದು ಓರೆಗಣ್ಣಲ್ಲಿ ಖಾತ್ರಿ ಮಾಡಿಕೊಂಡು, ಸುಖವಾಗಿ ಮಲಗುತ್ತಿದ್ದಳು. ನಾಗಲಕ್ಷ್ಮಮ್ಮನೂ ಆರತಿ ಎತ್ತಿದಳು. ಓರೆಗಣ್ಣಲ್ಲೂ ನೋಡಿದಳು (ನೋಡುತ್ತಿದ್ದರು). ಆದರೆ ಕಣ್ಣಿಗೆ ನಿದ್ದೆ ಮಾತ್ರ ಹತ್ತಲಿಲ್ಲ. ಆ ಕಾರಿಗೆ ಕ್ಲಚ್ಚಿರಲಿಲ್ಲ. ಗೇರನ್ನು ಅದೇ ಹಾಕಿಕೊಳ್ಳುತ್ತಿತ್ತು. ಅದನ್ನು ಓಡಿಸಬೇಕಾದವನೋ, ಇಪ್ಪತ್ತೆಂಟು ವರ್ಷ ಕ್ಲಚ್ಚನ್ನೇ ತುಳಿದು ಬಾಳಿದ ಅವಳ ಗಂಡ ದೇವರಾಜ.

ದೇವರಾಜನಿಗೆ ಹಳೇ ಹೆದ್ದಾರಿಯ ಪಕ್ಕ ಬೊಂಬೆ ಅಂಗಡಿ. ಬಣ್ಣದ ಬೊಂಬೆಗಳನ್ನು ಹಳೇ ವ್ಯಾನಿನಲ್ಲಿ ತುಂಬಿಕೊಂಡು ಊರೂರು ಸುತ್ತಿ ಎಡಗಾಲಿನ ಮಂಡಿ ಸವೆದಿತ್ತು. "ಇನ್ನು ಕ್ಲಚ್ ತುಳೀಬೇಡಿ" ಎಂದು ಡಾಕ್ಟರು ಹೇಳಿದ ವಾರದಲ್ಲೇ ಕಾರು ಬುಕ್ಕಾಯಿತು. ಡಾಕ್ಟರು ಅನ್ನ ಕಡಿಮೆ ಮಾಡಿ ಎಂದೂ ಹೇಳಿದ್ದರು. ಅದು ಅವನ ಕಿವಿಗೆ ಬಿದ್ದಿರಲಿಲ್ಲ.

ಶೋರೂಮಿನಲ್ಲಿ ನಯನಾ ಎಂಬ ಹುಡುಗಿ ಕಾರಿನ ಒಂದೊಂದು ಗುಂಡಿಯನ್ನೂ ಮುಟ್ಟಿ ತೋರಿಸಿ ವಿವರಿಸಿದಳು. ಅಷ್ಟು ಹೊತ್ತೂ ದೇವರಾಜ ಫೋನಿನಲ್ಲಿ ಮೈಸೂರಿನ ವ್ಯಾಪಾರಿಯೊಡನೆ ಮರದ ಕುದುರೆಗಳ ವಿಷಯ ಮಾತಾಡುತ್ತಿದ್ದ. ಕೇಳಿಸಿಕೊಂಡವಳು ನಾಗಲಕ್ಷ್ಮಮ್ಮ ಒಬ್ಬಳೇ. ಆಸಕ್ತಿಯಿಂದಲ್ಲ, ಹೆದರಿಕೆಯಿಂದ. ಆ ಹುಡುಗಿ ಮಾತು ಮಾತಿಗೂ "ಇದೊಂದು ತಪ್ಪಿದ್ರೆ ಡೇಂಜರ್ ಅಮ್ಮಾ" ಎನ್ನುತ್ತಿದ್ದಳು. ಹೀಗಾಗಿ ಆ ಕಾರಿನಲ್ಲಿ ಯಾವ ಯಾವ ರೀತಿಯಲ್ಲಿ ಸಾಯಬಹುದು ಎಂಬುದೆಲ್ಲ ನಾಗಲಕ್ಷ್ಮಮ್ಮನಿಗೆ ಬಾಯಿಪಾಠವಾಗಿಹೋಯಿತು.

ಕೆಂಗಲ್ಲಿನ ದೇವಸ್ಥಾನದಲ್ಲಿ ಪೂಜೆ ಮಾಡಿಸಿದ ದಿನವೇ ಅವಳ ಭಯಕ್ಕೆ ದೇವರೆದುರೇ ಸಾಕ್ಷಿ ಸಿಕ್ಕಿತು. ಮುಂದಿನ ಚಕ್ರಗಳ ಕೆಳಗೆ ನಿಂಬೆಹಣ್ಣಿಟ್ಟು, "ಹೂಂ, ಮುಂದಕ್ಕೆ ಬಿಡಿ" ಎಂದರು ಅರ್ಚಕರು. ದೇವರಾಜ ಕುಂಕುಮದ ಹಣೆ ಎತ್ತಿ, ಗಾಂಭೀರ್ಯದಿಂದ ಗೇರಿನ ಕೋಲೆಳೆದು ಆಕ್ಸಿಲರೇಟರ್ ಒತ್ತಿದ. ಕಾರು ಹಿಂದಕ್ಕೆ ಹಾರಿತು. ಹೂವಿನವನು ಬುಟ್ಟಿ ಬಿಟ್ಟು ಓಡಿದ. ದೇವರಾಜ ಎಡಗಾಲಲ್ಲಿ ಇಲ್ಲದ ಕ್ಲಚ್ಚನ್ನು ಬಲವಾಗಿ ತುಳಿದ. ಅಲ್ಲಿದ್ದದ್ದು ಬ್ರೇಕು. ಕಾರು ನಿಂತಿತು, ಒಳಗಿದ್ದವರು ನಿಲ್ಲಲಿಲ್ಲ. ನಿಂಬೆಹಣ್ಣುಗಳು ಮಾತ್ರ ಇಟ್ಟ ಜಾಗದಲ್ಲೇ ಸುಖವಾಗಿದ್ದವು.

"ಡಿ ಅಂದ್ರೆ ಮುಂದಕ್ಕೆ, ಆರ್ ಅಂದ್ರೆ ಹಿಂದಕ್ಕೆ ಕಣ್ರೀ. ಎಡಗಾಲಿಗೆ ಕೆಲ್ಸಾನೇ ಇಲ್ಲ, ಸುಮ್ನೆ ಮಡಗ್ಬೇಕಂತೆ" ಎಂದಳು ನಾಗಲಕ್ಷ್ಮಮ್ಮ, ಹಣೆ ಉಜ್ಜಿಕೊಳ್ಳುತ್ತ.

"ಗೊತ್ತೈತೆ ಕಣೇ. ಬ್ರೇಕ್ ಚೆನ್ನಾಗೈತಾ ಅಂತ ಚೆಕ್ ಮಾಡ್ದೆ" ಎಂದ ದೇವರಾಜ.

ಹೀಗಿರುವಾಗ ಮಾಗಡಿ ಪಕ್ಕದ ಕಲ್ಯದಿಂದ ಅವಳ ತಮ್ಮ ಗಂಗಹನುಮಯ್ಯ ಫೋನು ಮಾಡಿದ. ಹೊಲದಲ್ಲಿ ಕಟ್ಟಿಸಿದ ಹೊಸ ಮನೆಗೆ ಶುಕ್ರವಾರ ಗೃಹಪ್ರವೇಶ. "ಅಕ್ಕ, ಹತ್ತೂವರೆಗೆ ರಾಹುಕಾಲ ಬಂದ್ಬುಡ್ತದೆ. ಅಷ್ಟ್ರೊಳಗೆ ಹಾಲು ಉಕ್ಕಿಸ್ಬೇಕು. ನೀನಿಲ್ದೆ ಒಲೆ ಹಚ್ಚಾಕಿಲ್ಲ." ಇರುವವಳೊಬ್ಬಳೇ ಅಕ್ಕ. ಹಾಲು ಉಕ್ಕಿಸುವುದು ಮನೆಮಗಳ ಹಕ್ಕು. ತವರಿನ ಹೊಸ ಮನೆಯ ಒಲೆ ತನ್ನ ಕೈಗಾಗಿ ಕಾಯುತ್ತದೆ ಎಂದು ಕೇಳಿ ನಾಗಲಕ್ಷ್ಮಮ್ಮನ ಕಣ್ಣು ತುಂಬಿತು. ಮರುಕ್ಷಣವೇ ಕಾರು ನೆನಪಾಗಿ ಕಣ್ಣೀರು ಆರಿತು.

"ಬಸ್ಸಲ್ಲಿ ಹೋಗನ ಕಣ್ರೀ."

"ಮನೆ ಮುಂದೆ ಕಾರು ನಿಲ್ಲಿಸ್ಕೊಂಡು ಬಸ್ಸಾ? ನಿಮ್ ತವರೋರು ಏನಂದ್ಕೊಂಡಾರು?"

"ಜೀವಂತ ಬಂದ್ಳಲ್ಲ ಅಂದ್ಕೊತಾರೆ!"

ಮಾತು ನಡೆಯಲಿಲ್ಲ. ಶುಕ್ರವಾರ ಬೆಳಿಗ್ಗೆ ದೇವರಾಜ ಜರಿ ಅಂಚಿನ ರೇಷ್ಮೆ ಪಂಚೆ ಉಟ್ಟು ಸ್ಟೀರಿಂಗಿನ ಮುಂದೆ ವಿರಾಜಮಾನನಾದ. ನಾಗಲಕ್ಷ್ಮಮ್ಮ ಹಾಲುಕ್ಕಿಸುವ ಹಿತ್ತಾಳೆ ಪಾತ್ರೆಯನ್ನು ಮಡಿಲಲ್ಲಿಟ್ಟುಕೊಂಡು, ಸೀಟ್ ಬೆಲ್ಟನ್ನು ಎರಡು ಸಲ ಎಳೆದು ನೋಡಿ, ಗೊತ್ತಿದ್ದ ದೇವರನ್ನೆಲ್ಲ ನೆನೆದಳು.

ರಾಮನಗರದ ತನಕ ಎಕ್ಸ್‌ಪ್ರೆಸ್‌ವೇಯಲ್ಲಿ ಹೋಗಿ, ಅಲ್ಲಿ ಇಳಿದು ಮಾಗಡಿ ರಸ್ತೆ ಹಿಡಿಯುವುದೆಂದು ಲೆಕ್ಕ. ಎಕ್ಸ್‌ಪ್ರೆಸ್‌ವೇ ಹತ್ತಿದ ಕೂಡಲೇ ದೇವರಾಜನಿಗೆ ಉತ್ಸಾಹ ಉಕ್ಕಿತು.

"ಈಗ್ ನೋಡು ನಾಗೂ." ಸ್ಟೀರಿಂಗಿನ ಮೇಲಿನ ಗುಂಡಿ ಒತ್ತಿದ. "ಕ್ರೂಸ್ ಕಂಟ್ರೋಲು. ಎಂಬತ್ತಕ್ಕೆ ಸೆಟ್ ಮಾಡ್ಬುಟ್ಟೆ. ಇನ್ನು ನಂಗೇನೂ ಕೆಲ್ಸ ಇಲ್ಲ. ಅದೇ ಹೋಯ್ತದೆ."

"ಕೆಲ್ಸ ಇಲ್ಲ ಅಂದ್ರೆ?"

ಉತ್ತರವಾಗಿ ದೇವರಾಜ ಮೊದಲು ಎಡಗಾಲನ್ನು, ಆಮೇಲೆ ಬಲಗಾಲನ್ನು ಎತ್ತಿ, ಊಟದ ಎಲೆಯ ಮುಂದೆ ಕೂರುವಂತೆ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿದ. "ಮಂಡಿಗೆ ಒಸಿ ಆರಾಮಾಯ್ತದೆ."

ನಾಗಲಕ್ಷ್ಮಮ್ಮ ಪಾತ್ರೆಯನ್ನು ಅಪ್ಪಿಕೊಂಡಳು. "ರೀ, ಕಾಲು ಇಳಿಸ್ರೀ! ಅದು ಸ್ಪೀಡ್ ಹಿಡ್ಕೊತದೆ ಅಷ್ಟೆ. ಮುಂದೆ ಲಾರಿ ಐತೋ ಎಮ್ಮೆ ಐತೋ, ನಮ್ ಕಾರಿಗೆ ಕಣ್ಣಿಲ್ಲ. ಕಾಲು ಬ್ರೇಕಿನ ಹತ್ರಾನೇ ಇರ್ಬೇಕು ಅಂತ ಆ ಹುಡ್ಗಿ ಬಡ್ಕೊಂಡ್ಳು!"

"ಎಕ್ಸ್‌ಪ್ರೆಸ್‌ವೇಲಿ ಎಮ್ಮೆ ಎಲ್ಲಿ ಬತ್ತದೆ ಕಣೇ?"

ಎಮ್ಮೆ ಬರಲಿಲ್ಲ. ಬಂದದ್ದು ಎಮ್ಮೆಯ ಊಟ. ಎರಡಂತಸ್ತಿನ ಮನೆಯಷ್ಟು ಎತ್ತರಕ್ಕೆ ಒಣಹುಲ್ಲು ಹೇರಿಕೊಂಡ ಲಾರಿಯೊಂದು ಮುಂದೆ ತೆವಳುತ್ತಿತ್ತು. ಬಲಗಡೆ ಒಂದರ ಹಿಂದೊಂದು ಕಾರುಗಳು ನುಗ್ಗುತ್ತಿದ್ದವು, ಪಕ್ಕಕ್ಕೆ ಸರಿಯಲು ಜಾಗವಿಲ್ಲ. ಹುಲ್ಲಿನ ಗೋಡೆ ನೋಡನೋಡುತ್ತ ದೊಡ್ಡದಾಯಿತು.

"ಬ್ರೇಕು! ಬ್ರೇಕು ಹಾಕ್ರೀ!"

ದೇವರಾಜ ಕಾಲಿಳಿಸಲು ಹೋದ. ಬಲಗಾಲಿನ ಹೆಬ್ಬೆರಳು ಪಂಚೆಯ ಜರಿ ಅಂಚಿಗೆ ಸಿಕ್ಕಿಕೊಂಡಿತ್ತು. ಎಳೆದಷ್ಟೂ ಬಿಗಿಯಾಯಿತು. ಕಾರು ಮಾತ್ರ ಮಾತು ಕೊಟ್ಟ ಮನುಷ್ಯನ ಹಾಗೆ ಎಂಬತ್ತಕ್ಕೆ ಒಂದು ಕೂದಲೂ ಕಡಿಮೆ ಮಾಡಲಿಲ್ಲ. ನಾಗಲಕ್ಷ್ಮಮ್ಮ ಪಾತ್ರೆಯನ್ನು ಕಾಲಬುಡಕ್ಕೆ ಎಸೆದು, ಗಂಡನ ಕೈ ತಳ್ಳಿ, ಸ್ಟೀರಿಂಗಿನ ಮೇಲಿದ್ದ ಕ್ಯಾನ್ಸಲ್ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿದಳು. ಕಾರಿನ ಓಟ ಕುಗ್ಗತೊಡಗಿತು. ಅಷ್ಟರಲ್ಲಿ ಪಂಚೆ ಪರ್ರೆಂದು ಹರಿದು ಕಾಲು ಬಿಡುಗಡೆಯಾಗಿ ಬ್ರೇಕಿನ ಮೇಲೆ ಬಿತ್ತು. ಲಾರಿಗೂ ಕಾರಿಗೂ ನಡುವೆ ಒಂದು ಮೊಳ ಉಳಿದಿತ್ತೋ ಏನೋ. ಗಾಜಿನ ಮೇಲೆ ನಾಲ್ಕು ಹುಲ್ಲೆಸಳು ಬಂದು ಕೂತವು.

ದೇವರಾಜ ಹರಿದ ಪಂಚೆಯನ್ನೂ ಮರೆತು ಎರಡೂ ಕೈಯಲ್ಲಿ ಸ್ಟೀರಿಂಗನ್ನು ಅಪ್ಪಿ ಹಿಡಿದಿದ್ದುದನ್ನು ನಾಗಲಕ್ಷ್ಮಮ್ಮ ನೋಡಿದಳು. ಬೈಯಬೇಕೆಂದು ಕೂಡಿಟ್ಟ ಮಾತುಗಳೆಲ್ಲ ಗಂಟಲಲ್ಲೇ ನಿಂತವು. ಮದುವೆಯಾದಾಗಿನಿಂದ ಈ ಮನುಷ್ಯ ಹೆದರಿದ್ದನ್ನು ಅವಳು ಕಂಡೇ ಇರಲಿಲ್ಲ.

"ಆ ಲಾರಿಯೋನು ಸಿಗ್ನಲ್ಲೇ ಹಾಕ್ಲಿಲ್ಲ ನೋಡು" ಎಂದ ದೇವರಾಜ ಕೊನೆಗೆ.

ನಿಂತಿದ್ದ ಮಾತುಗಳೆಲ್ಲ ಒಟ್ಟಿಗೆ ಹೊರಬಿದ್ದವು. ಆ ಬೈಗುಳದ ಅಬ್ಬರದಲ್ಲಿ ರಾಮನಗರಕ್ಕೆ ಇಳಿಯುವ ದಾರಿ ಹಿಂದೆ ಸರಿದುಹೋದದ್ದು ಇಬ್ಬರಿಗೂ ತಿಳಿಯಲಿಲ್ಲ. ತಿಳಿದಾಗ ಬಿಡದಿ ಬಂದಿತ್ತು. ಅಲ್ಲಿಂದ ಒಳದಾರಿ ಹಿಡಿದು, ಕಂಡಕಂಡವರನ್ನು ಕೇಳುತ್ತ, ಮಾಗಡಿ ಮುಟ್ಟುವಷ್ಟರಲ್ಲಿ ನಾಗಲಕ್ಷ್ಮಮ್ಮ ಗಡಿಯಾರ ನೋಡುವುದನ್ನೇ ಬಿಟ್ಟಿದ್ದಳು. ನೋಡಿದರೆ ಅದು ಇನ್ನೂ ಬೇಗ ಓಡುತ್ತದೇನೋ ಎಂಬ ಭಯ.

ಕಲ್ಯ ದಾಟಿ ತಮ್ಮನ ಹೊಲದ ದಾರಿಗೆ ತಿರುಗಿದಾಗ ದೂರದಲ್ಲಿ ಶಾಮಿಯಾನ ಕಂಡಿತು. ಓಲಗದ ಸದ್ದೂ ಕೇಳಿಸಿತು. ನಾಗಲಕ್ಷ್ಮಮ್ಮ ಉಸಿರು ಬಿಟ್ಟಳು. ಆ ಉಸಿರು ಪೂರ್ತಿ ಹೊರಬರುವ ಮೊದಲೇ ಕಾರು ಜಾರಿತು. ಹೊಸದಾಗಿ ಸುರಿದಿದ್ದ ಕೆಮ್ಮಣ್ಣು ಹಿಂದಿನ ದಿನದ ಮಳೆಗೆ ಕಲಸಿದ ಹಿಟ್ಟಿನ ಹಾಗಾಗಿತ್ತು. ಚಕ್ರಗಳು ಗಿರ್ರೆಂದವು. ಸ್ಟೀರಿಂಗಿನ ಹಿಂದೆ ಕಾರಿನ ಚಿತ್ರದ ಹಳದಿ ದೀಪ ಮಿಟುಕಿತು. ಆ ಚಿತ್ರದ ಕಾರಿನ ಹಿಂದೆ ಎರಡು ಗೆರೆಗಳು ಹಾವಿನಂತೆ ಸುತ್ತಿಕೊಂಡಿದ್ದವು.

"ಇದ್ಯಾಕೆ ಕುಡಿದೋನ ಥರಾ ಚಿತ್ರ ತೋರಿಸ್ತೈತೆ?" ಎನ್ನುತ್ತ ದೇವರಾಜ ಆಕ್ಸಿಲರೇಟರನ್ನು ಇನ್ನಷ್ಟು ತುಳಿದ. ಕಾರು ಇನ್ನಷ್ಟು ಹೂತಿತು.

"ತುಳೀಬೇಡಿ! ಅದು ಟ್ರಾಕ್ಷನ್ ಕಂಟ್ರೋಲು. ಚಕ್ರ ಜಾರಿದ್ರೆ ಇಂಜಿನ್ನಿನ ಜೋರು ತಗ್ಗಿಸ್ತದೆ. ಅದೇ ಚಿತ್ರದ ಗುಂಡಿ ಇಲ್ಲೈತಲ್ಲ, ಅದ್ನ ಒತ್ತಿ ಆಫ್ ಮಾಡಿ, ಮೆಲ್ಲಗೆ, ಒಸೀ ಒಸೀ ಆಕ್ಸಿಲರೇಟರ್ ಕೊಡಿ. ಈಚೆಗ್ ಬಂದ್ಮೇಲೆ ಮರೀದೆ ಆನ್ ಮಾಡ್ಬೇಕು."

"ಮೊನ್ನೆ ತಾನೆ ಅದು ಜೀವ ಉಳ್ಸೋ ಗುಂಡಿ, ಮುಟ್ಟಬೇಡಿ ಅಂದೆ. ಈಗ ಆಫ್ ಮಾಡು ಅಂತೀಯ!"

"ರೋಡಲ್ಲಿ ಮುಟ್ಟಬಾರ್ದು. ಕೆಸರಲ್ಲಿ ಹೂತ್ಕೊಂಡಾಗ ಮಾತ್ರ ಮುಟ್ಬೋದು!"

"ಅಷ್ಟೆಲ್ಲಾ ಗೊತ್ತಿದ್ರೆ ಬಾ, ನೀನೇ ಕೂತ್ಕೊ ಇಲ್ಲಿ!" ಎಂದು ದೇವರಾಜ ಬಾಗಿಲು ತೆರೆದ.

"ಕೋಲನ್ನ ಪಿಗೆ, ಪಾರ್ಕಿಗೆ ಹಾಕಿ ಇಳೀರಿ!" ಎಂದು ಚೀರಿದಳು ನಾಗಲಕ್ಷ್ಮಮ್ಮ. ಹಾಕಿ ಇಳಿದ.

ಅವನು ಹೇಳಿದ್ದು ಸಿಟ್ಟಿನಲ್ಲಿ, ಅವಳು ಕೂತುಬಿಡುತ್ತಾಳೆಂದು ಅಲ್ಲ. ಆದರೆ ಅತ್ತ ರಾಹುಕಾಲ ಹೊಸ್ತಿಲ ಹತ್ತಿರ ಬಂದು ನಿಂತಿತ್ತು. ನಾಗಲಕ್ಷ್ಮಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಆ ಸೀಟಿಗೆ ಹತ್ತಿದಳು. ಅವಳ ಹತ್ತಿರ ಲೈಸೆನ್ಸ್ ಇಲ್ಲದೆ ಇರಲಿಲ್ಲ. ವರ್ಷಗಳ ಹಿಂದೆ ಹೆಂಗಸರ ಬ್ಯಾಚಿನಲ್ಲಿ ಕಲಿತು ಪಡೆದದ್ದು. ಕ್ಲಚ್ಚು ಬಿಡುವುದು ಬಾರದೆ ಸರ್ಕಲ್ಲಿನಲ್ಲಿ ಕಾರು ಆಫ್ ಆಗಿ ಊರೆಲ್ಲ ಹಾರನ್ ಹೊಡೆದ ಮೇಲೆ ಮತ್ತೆ ಸ್ಟೀರಿಂಗ್ ಮುಟ್ಟಿರಲಿಲ್ಲ. ಈಚೆಗೆ ಆ ಲೈಸೆನ್ಸ್ ಬಳಕೆಯಾಗುತ್ತಿದ್ದುದು ಬಸ್ಸಿನಲ್ಲಿ, ಕಂಡಕ್ಟರಿಗೆ ತೋರಿಸಿ ಹೆಂಗಸರ ಉಚಿತ ಟಿಕೆಟ್ಟು ಹರಿಸಿಕೊಳ್ಳುವುದಕ್ಕೆ.

ಈಗ ಕ್ಲಚ್ಚೇ ಇಲ್ಲ. ಎಡಗಾಲನ್ನು ಒಂದು ಮೂಲೆಗೆ ಒತ್ತಿಟ್ಟಳು. ಬಲಗಾಲಲ್ಲಿ ಬ್ರೇಕು ತುಳಿದು, ಆ ಹಾವಿನ ಗೆರೆಯ ಚಿತ್ರದ ಗುಂಡಿ ಒತ್ತಿ, ಕೋಲನ್ನು ಡಿಗೆ ತಂದಳು. "ಹಿಂದೆ ನಿಲ್ಲಬೇಡಿ, ಪಕ್ಕಕ್ಕೆ ಹೋಗಿ!" ಎಂದು ಕೂಗಿದಳು. ಹೆಂಡತಿಯ ಮಾತು ಕೇಳಿ ಅಭ್ಯಾಸವಿಲ್ಲದ ದೇವರಾಜ ಸರಿಯಾಗಿ ಹಿಂದೆಯೇ ಹೋಗಿ ನಿಂತು ನೂಕಿದ. ಅವಳು ಹಸಿ ಮಡಕೆ ಮುಟ್ಟುವಷ್ಟು ಮೆತ್ತಗೆ ಆಕ್ಸಿಲರೇಟರ್ ಒತ್ತಿದಳು. ಕಾರು ಒಮ್ಮೆ ತೂಗಿತು, ಇನ್ನೊಮ್ಮೆ ತೂಗಿತು, ಹಿಂದಕ್ಕೊಂದು ಕೆಸರಿನ ಕಾರಂಜಿ ಎಬ್ಬಿಸಿ ಮೇಲೆದ್ದಿತು.

ನಿಂತರೆ ಮತ್ತೆ ಹೂತೀತೆಂದು ಅವಳು ನಿಲ್ಲಿಸಲೇ ಇಲ್ಲ. ಕನ್ನಡಿಯಲ್ಲಿ ಅಡಿಯಿಂದ ಮುಡಿಯವರೆಗೆ ಕೆಂಪಗಾದ ಮನುಷ್ಯಾಕೃತಿಯೊಂದು ಕೈ ಬೀಸುತ್ತಿರುವುದು ಕಂಡಿತು. ಜಲ್ಲಿ ನೆಲ ಸಿಕ್ಕಿದ ಮೇಲೆ, ಮರೆಯದೆ, ಗುಂಡಿಯನ್ನು ಮತ್ತೆ ಒತ್ತಿದಳು.

"ಅಕ್ಕಾ! ನೀನಾ ಓಡಿಸ್ಕೊಂಡ್ ಬಂದಿದ್ದು? ಭಾವ ಎಲ್ಲಿ?" ಎಂದು ಗಂಗಹನುಮಯ್ಯ ಓಡಿಬಂದ.

"ಹಿಂದೆ ಬತ್ತಾವ್ರೆ. ಮೊದ್ಲು ಒಲೆ ಹಚ್ಚಿ."

ಹಾಲು ಉಕ್ಕಿತು. ಪುರೋಹಿತರು ಗಡಿಯಾರ ನೋಡಿ, ರಾಹುಕಾಲ ಇನ್ನೂ ಬಂದಿಲ್ಲವೆಂದು ಕಣ್ಣು ಮುಚ್ಚಿ ನಿಟ್ಟುಸಿರು ಬಿಟ್ಟರು. ಪಾತ್ರೆ ಹಿಡಿದ ನಾಗಲಕ್ಷ್ಮಮ್ಮನ ಮುಖವೂ ಹಾಲಿನಂತೆಯೇ ಉಕ್ಕಿತ್ತು. ನೆಂಟರ ಹೆಂಗಸರೆಲ್ಲ ಅವಳನ್ನು ಸುತ್ತುವರಿದು ಕಾರಿನ ಕಥೆ ಕೇಳಿದರು. ಕೇಳಿದವರಿಗೆಲ್ಲ ಅವಳು ಹೇಳಿದಳು. ಕೇಳದವರಿಗೂ ಹೇಳಿದಳು.

ಅಷ್ಟರಲ್ಲಿ ದೇವರಾಜ ಬಂದ. ಸ್ನಾನ ಮಾಡಿ, ಬಾಮೈದನ ಹೊಸ ಪಂಚೆ ಉಟ್ಟು, ಮೊದಲ ಪಂಕ್ತಿಯಲ್ಲೇ ಊಟಕ್ಕೆ ಕೂತು, ಅಲ್ಲೊಂದು ಬೇರೆಯದೇ ಕಥೆ ಶುರುಮಾಡಿದ. "ಇಷ್ಟು ದಿನ ನಾನೇ ಟ್ರೈನಿಂಗ್ ಕೊಟ್ಟೆ ಕಣ್ರಪ್ಪ. ಇವತ್ತು ಬೇಕೂಂತ್ಲೇ ಕೆಸರಲ್ಲಿ ಕಾರು ನಿಲ್ಲಿಸಿ, ಇಳಿದ್ಬುಟ್ಟು, ಪರೀಕ್ಷೆ ಮಾಡ್ದೆ. ಪಾಸಾದ್ಳು."

"ಹೆಂಡ್ತೀನ ಹಿಂಗೆ ಮುಂದಕ್ಕೆ ತರೋ ಗಂಡ ಯಾರಿಗ್ ಸಿಗ್ತಾನೆ!" ಎಂದಿತು ಇಡೀ ಪಂಕ್ತಿ.

ನಾಗಲಕ್ಷ್ಮಮ್ಮ ತಿರುಗಿ ಬಾಯಿ ಬಿಡುವಷ್ಟರಲ್ಲಿ ತಮ್ಮ ಎದುರು ನಿಂತಿದ್ದ. "ಅಕ್ಕ, ಪುರೋಹಿತರು ಮಾಗಡೀಲಿ ಇನ್ನೊಂದು ಪೂಜೆಗೆ ಹೋಗ್ಬೇಕಂತೆ. ಕೆಸರು ಅಂತ ಆಟೋದೋನು ಬರಾಕಿಲ್ಲ ಅಂತಾನೆ. ಆ ಕೆಸರಲ್ಲಿ ಓಡ್ಸಾಕೆ ನಿಂಗೊಬ್ಬಳಿಗೇ ಬರೋದು."

ಇಲ್ಲವೆನ್ನಲು ನಾಲಿಗೆ ಬರಲಿಲ್ಲ (ಆ ಕೆಸರಿನ ಸಾಹಸವನ್ನು ಈಗಷ್ಟೇ ಹನ್ನೆರಡನೇ ಸಲ ಹೇಳಿ ಮುಗಿಸಿದ್ದಳು). ಪುರೋಹಿತರನ್ನು ಬಿಟ್ಟು ಬಂದಳು. ಮೊಸರು ಸಾಲದೆಂದು ಮತ್ತೆ ಹೋದಳು. ಬಸ್ ಸ್ಟ್ಯಾಂಡಿನಲ್ಲಿ ಇಳಿದಿರುವ ಚಿಕ್ಕಮ್ಮನನ್ನು ಕರೆತರಲು ಹೋದಳು. ಚಿಕ್ಕಮ್ಮ ದಾರಿಯುದ್ದಕ್ಕೂ "ಬ್ರೇಕು! ಬ್ರೇಕು ಹಾಕಮ್ಮಾ!" ಎಂದು ಚೀರುತ್ತ ಅವಳ ತೋಳು ಹಿಡಿದೇ ಕೂತಿದ್ದಳು. ಪ್ರತಿ ಸಲವೂ ದೇವರಾಜ ಶಾಮಿಯಾನದ ಕೆಳಗೆ ಎಲೆಯಡಿಕೆ ಮಡಿಸುತ್ತ, "ಅವಸರ ಮಾಡ್ಬೇಡ, ನಿಧಾನಕ್ಕೆ ಹೋಗ್ಬುಟ್ ಬಾ ನಾಗೂ" ಎಂದು ದೊಡ್ಡ ಮನಸ್ಸು ಮಾಡಿದ.

ಕೊನೆಗೆ ಅವಳು ಹಸಿದು ಸುಸ್ತಾಗಿ ಊಟದ ಚಪ್ಪರಕ್ಕೆ ಬಂದಾಗ ಹೊತ್ತು ಇಳಿಯುತ್ತಿತ್ತು. ಅಡುಗೆಗೆ ಬೇರೆ ಊರಿನಿಂದ ಬಂದಿದ್ದವನಿಗೆ ಮನೆಯವರ ಪರಿಚಯವಿಲ್ಲ. ಅವಳ ಕೈಯಲ್ಲಿದ್ದ ಕಾರಿನ ಕೀ ನೋಡಿ, "ಬನ್ನಿ ಬನ್ನಿ, ಡ್ರೈವರ್‌ಗಳ ಪಂಕ್ತಿ ಆಗ್ಲೇ ಶುರುವಾಗೈತೆ" ಎಂದು ಕರೆದೊಯ್ದು, ಟೆಂಪೋದವರು, ಶಾಮಿಯಾನದ ಲಾರಿಯವರ ನಡುವೆ ಕೂರಿಸಿ ಎಲೆ ಹಾಕಿದ. ಹೋಳಿಗೆ ಮುಗಿದಿತ್ತು. ಅನ್ನ, ತಿಳಿಸಾರು ಬಿತ್ತು.

ಪಕ್ಕದಲ್ಲಿದ್ದ ಟೆಂಪೋ ಡ್ರೈವರು ಅವಳ ಕಡೆ ಸ್ನೇಹದಿಂದ ಬಾಗಿದ. "ಬೆಳಿಗ್ಗೆಯಿಂದ ನೋಡ್ತಾವ್ನಿ ಅಕ್ಕ. ಒಸೀನೂ ಕೂರಾಕೆ ಬುಡ್ಲಿಲ್ಲ ನಿಮ್ಮನ್ನ. ನಿಮ್ ಓನರ್ರು ಭಾಳಾ ಕೆಲ್ಸ ತಗಸ್ತಾರೆ. ಎಲ್ಲವ್ರೆ ಅವ್ರು?"

ನಾಗಲಕ್ಷ್ಮಮ್ಮ ಎಲೆಯಿಂದ ತಲೆಯೆತ್ತಿ, ಕಾರಿನ ಕಡೆ ನೋಡಿದಳು. ದೇವರಾಜ ಹಿಂದಿನ ಸೀಟಿನಲ್ಲಿ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ.

"ಅಗೋ, ಕಾರಲ್ಲಿ ಮಲಗವ್ರೆ" ಎಂದಳು. "ಒಸಿ ಸಾರು ಹಾಕಿಸ್ರಪ್ಪ. ಎದ್ದ ತಕ್ಷಣ ಹೊರಡು ಅಂತಾರೆ."