ಹಳೆ ಕಂಪ್ಯೂಟರ್ ಗುಜರಿಗೆ ಕೊಡಂಗಿಲ್ಲ

ಹಳೆ ಪಿತ್ತಾಳಿ ಕೊಡ ಕೂಡಿಟ್ರ ಮಂದಿ ಬಂದು ಹೊಗಳಿ ಹೋಗ್ತಾರ. ನಾ ಹಳೆ ಕಂಪ್ಯೂಟರ್ ಕೂಡಿಡ್ತೀನಿ ಅಂತ ಈ ಸುರಪುರದಾಗ ನನ್ನ ಮುಂದ ದಿನಾ ಒಂದು ತಮಾಷಾ ನಡೀತದ. ನಾ ಸಾಲಿ ಟೀಚರು. ಡುಬ್ಬದ ಮಾನಿಟರು, ಹಳದಿ ಬಿದ್ದ ಕೀಬೋರ್ಡು, ಫ್ಲಾಪಿ ಹಾಕೋ ಡಬ್ಬಿ, ಎಲ್ಲಿ ಸಿಕ್ರೂ ತಂದು, ಬಿಚ್ಚಿ, ಧೂಳ ಝಾಡಿಸಿ, ಮತ್ತ ಚಾಲೂ ಮಾಡ್ತೀನಿ. ಹುಚ್ಚು ಅನ್ರಿ, ಬ್ಯಾಡ ಅಂದಿಲ್ಲ.

ಅವೆಲ್ಲಾ ಇರೋದು ಹಿಂದಿನ ಖೋಲ್ಯಾಗ. ಆ ಖೋಲಿ ನಮ್ಮ ಅತ್ತಿಯವ್ರಿಗೆ ಜ್ವಾಳದ ಚೀಲ ಇಡಾಕ ಬೇಕು. "ಊರಿಗೊಂದು ದಾರಿ ಆದ್ರ ನನ್ನ ಸೊಸಿಗೊಂದು ದಾರಿ" ಅಂತ ದಿನಾ ಅವರ ಮಂತ್ರ. ಕಡೀಕ ನಮ್ಮ ಮನಿಯವ್ರು ತೀರ್ಮಾನ ಕೊಟ್ರು: "ದಸರಾ ಮುಗೀಲಿ, ಗುಜರಿಯವನ್ನ ಕರಸ್ತೀನಿ."

ನೋಡೇಬಿಡೋಣು ಅಂದೆ.

ಜೀಪಿನ ಬಾಗಿಲ

ಶಹಾಪುರದಾಗ ಒಂದು ಕಂಪ್ಯೂಟರ್ ಕ್ಲಾಸ್ ಮುಚ್ಚಿತ್ತು. ಅಲ್ಲಿಂದ ಒಂದು ಮಾನಿಟರ್ ತೊಡಿ ಮ್ಯಾಲೆ ಇಟ್ಕೊಂಡು ಜೀಪಿನಾಗ ಬರಾಕತ್ತಿದ್ದೆ.

"ಅಕ್ಕಾರ, ಇದು ನಡೀತದೇನ್ರಿ?" ಅಂತ ಜೀಪಿನವ ಕೇಳಿದ.

"ಇಲ್ಲ."

"ಕೆಟ್ಟಿದ್ದನ್ನ ಕೂಸಿನಂಗ ಹಿಡ್ಕೊಂಡು ಹೊಂಟೀರಲ್ರಿ?"

"ನಿನ್ನ ಜೀಪಿನ ಬಾಗಿಲಕ್ಕ ಹಗ್ಗ ಕಟ್ಟೀಯಪ್ಪ. ನಾವು ಕುಂತಿಲ್ಲೇನು?"

ಅವ ಬಾಗಿಲದ ಹಗ್ಗ ಒಮ್ಮಿ ಜಗ್ಗಿ ನೋಡಿ ಗೇರ್ ಹಾಕಿದ.

ಉಬ್ಬದ ಸಂಡಿಗಿ

ಒಂದಿನ ಕೀಬೋರ್ಡಿನ ಗುಂಡಿ ಎಲ್ಲಾ ಕಿತ್ತು, ತೊಳೆದು, ಮಾಳಗಿ ಮ್ಯಾಲೆ ಹಳೆ ಸೀರಿ ಹಾಸಿ ಒಣಗಾಕಿದ್ದೆ. ಬಾಜೂಕ ಅತ್ತಿ ಸಂಡಿಗಿ. ಅವರ ಕಣ್ಣು ಈಗೀಗ ಮಂಜು. ಸಂಜೀಕ ಎರಡೂ ಕೂಡಿಸಿ ಒಂದೇ ಡಬ್ಬ್ಯಾಗ ತುಂಬಿಟ್ರು.

ಮರುದಿನ ಅಡಗಿಮನ್ಯಾಗಿಂದ ಕೂಗಿದ್ರು: "ಇದೊಂದು ಉಬ್ಬವಲ್ದಲ್ಲವ್ವ."

ಓಡಿಹೋಗಿ ನೋಡಿದ್ರ ಎಂಟರ್ ಗುಂಡಿ ಎಣ್ಣ್ಯಾಗ ಮುದುಡಿ ಬಿದ್ದದ.

"ನನ್ನ ಎಣ್ಣಿ ಹಾಳಾತು" ಅಂದ್ರು ಅವರು.

"ನನ್ನ ಎಂಟರ್ ಸತ್ತೇಹೋತು" ಅಂದೆ ನಾ.

ಹೊಸಾ ಎಣ್ಣ್ಯಾಗ ಮತ್ತ ಕರದ್ರು. ಅವತ್ತು ನಮ್ಮ ಮನಿಯವ್ರು ಒಂದೊಂದು ಸಂಡಿಗೀನೂ ಬೆಳಕಿಗೆ ಹಿಡಿದು, ಏನರ ಬರದದೇನು ಅಂತ ನೋಡಿ ನೋಡಿ ತಿಂದ್ರು.

ಕುಂಕುಮ

ದಸರಾ ಬಂತು. ಆಯುಧ ಪೂಜಿ ದಿನ ಅತ್ತಿ ಕುಡಗೋಲು, ಕುರ್ಪಿ ಇಟ್ರು. ನಮ್ಮ ಮನಿಯವ್ರು ಬೈಕ್ ತೊಳದ್ರು. ನಾ ಎಲ್ಲಾ ಕಂಪ್ಯೂಟರ್ ಹೊರಗ ತಂದು ಸಾಲಾಗಿ ಇಟ್ಟು ವಿಭೂತಿ, ಕುಂಕುಮ ಹಚ್ಚಿದೆ.

"ಇವು ಆಯುಧೇನು?" ಅಂದ್ರು ಅತ್ತಿ.

"ನಿಮ್ಮ ಕೈಗೆ ಕುರ್ಪಿ, ನನ್ನ ಕೈಗೆ ಇವು. ಆರತಿ ಎತ್ರಿ."

ಗೊಣಗಿಕೋತ ಎತ್ತಿದ್ರು.

ಹಬ್ಬ ಮುಗೀತು, ಗುಜರಿಯವ ಬಂಡಿ ತಂದು ನಿಂತ. ನಮ್ಮ ಮನಿಯವ್ರು ಮಾನಿಟರ್ ಎತ್ಕೊಂಡು ಹೊಂಟ್ರು. ನಾ ಬಾಗಿಲಕ್ಕ ಅಡ್ಡ ನಿಂದ್ರಾಕ ಹೋದ್ರ ನನಕಿಂತ ಮೊದಲ ಅಲ್ಲಿ ಅತ್ತಿ ನಿಂತಿದ್ರು.

"ಮೊನ್ನೆ ನಾ ಆರತಿ ಎತ್ತಿದ್ದನ್ನ ಇವತ್ತ ಗುಜರಿಗೆ ಹಾಕ್ತಿ? ಒಳಗಿಡು."

"ಯವ್ವಾ, ನಿನ್ನ ಜ್ವಾಳ?"

"ನಿನ್ನ ಮಂಚದ ಬುಡಕ ಇಡ್ತೀನಿ."

ಅಷ್ಟಕ್ಕ ಮುಗೀಲಿಲ್ಲ. ಗುಜರಿಯವನ ಬಂಡ್ಯಾಗ ಯಾವುದೋ ಆಫೀಸಿನ ಹಳೆ ಕಂಪ್ಯೂಟರ್ ಇತ್ತು, ಅದರ ಮ್ಯಾಲೂ ಒಣಗಿದ ಕುಂಕುಮ. ಸಂಡಿಗಿ ಕಾಣದ ಕಣ್ಣಿಗೆ ಅದು ಕಂಡೇಬಿಡ್ತು.

"ಅದನ್ನೂ ಇಳಸಪ್ಪ" ಅಂದ್ರು ಅತ್ತಿ.

ಒಯ್ಯಾಕ ಬಂದವ ಒಂದು ಇಳಿಸಿ ಹೋದ. ನಮ್ಮ ಮನಿಯವ್ರು ಮಾನಿಟರ್ ಖೋಲ್ಯಾಗಿಟ್ಟು ಬಂದು ಅತ್ತಿ ಮುಂದ ಹಣಿ ಒಡ್ಡಿ ನಿಂತ್ರು.

"ಯವ್ವಾ, ನನಗೂ ಒಂದೀಟು ಕುಂಕುಮ ಹಚ್ಚಿಬಿಡು. ಈ ಮನ್ಯಾಗ ಗುಜರಿಗೆ ಹಾಕಾಕ ಇನ್ನ ನಾ ಒಬ್ಬನ ಉಳದೀನಿ."